ಸರಕು ವ್ಯಾಗನ್‌ಗೆ ಬಣ್ಣ, ಬಣ್ಣದ ಮೇಲೆ ಅಕ್ಷರ: ಮಾದರಿ ರೈಲಿನವರಿಗೆ ಡೆಕಾಲ್ ಪಾಠ

ನಾನು ಮೊದಲ ಸಲ ಡೆಕಾಲ್ ಅಂಟಿಸಿದ ಬಾಕ್ಸ್‌ಕಾರ್ ಈಗಲೂ ಕಪಾಟಿನಲ್ಲಿದೆ. ಡೆಕಾಲ್ ಎಂದರೆ ನೀರಿನಲ್ಲಿ ನೆನೆಸಿ ಅಂಟಿಸುವ, ಅಕ್ಷರ ಲಾಂಛನಗಳು ಅಚ್ಚಾದ ತೆಳು ಪೊರೆ; ಬಾಕ್ಸ್‌ಕಾರ್ ಎಂದರೆ ಮುಚ್ಚಿದ ಪೆಟ್ಟಿಗೆಯಂಥ ಸರಕು ವ್ಯಾಗನ್. ಕಂದುಗೆಂಪು ಬಣ್ಣ ಚೆನ್ನಾಗಿಯೇ ಬಂದಿತ್ತು, ಅಕ್ಷರಗಳು ನೆಟ್ಟಗೇ ಕೂತಿದ್ದವು. ಆದರೆ ದೀಪದ ಕೆಳಗೆ ಸ್ವಲ್ಪ ಓರೆ ಮಾಡಿ ಹಿಡಿದರೆ ಪ್ರತಿ ಅಕ್ಷರದ ಸುತ್ತ ಬೆಳ್ಳಗೆ ಮಿನುಗುವ ಒಂದು ಚೌಕ, ಮೀನಿನ ಹುರುಪೆ ಅಂಟಿಸಿದ ಹಾಗೆ. ಡೆಕಾಲೇ ಕಳಪೆ ಎಂದುಕೊಂಡು ಬೇರೆ ಹಾಳೆ ತರಿಸಿದೆ. ಅದೂ ಹಾಗೆಯೇ ಆಯಿತು. ದೋಷ ಡೆಕಾಲಿನಲ್ಲಿಲ್ಲ, ಅದರ ಕೆಳಗಿರುವ ಬಣ್ಣದಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಮೂರು ವ್ಯಾಗನ್ ಕೆಟ್ಟಿದ್ದವು.

ಮ್ಯಾಟ್, ಅಂದರೆ ಹೊಳಪಿಲ್ಲದ, ಬಣ್ಣದ ಮೇಲ್ಮೈ ಬರಿಗಣ್ಣಿಗೆ ನಯವಾಗಿ ಕಂಡರೂ ಭೂತಗನ್ನಡಿಯ ಕೆಳಗೆ ಉಬ್ಬುತಗ್ಗುಗಳ ಬಯಲು. ಡೆಕಾಲಿನ ಪೊರೆ ಆ ಉಬ್ಬುಗಳ ತಲೆಯ ಮೇಲಷ್ಟೇ ನಿಲ್ಲುತ್ತದೆ, ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಆ ಗಾಳಿಯೇ ಬೆಳಕನ್ನು ಚದುರಿಸಿ ಬೆಳ್ಳಿಯಂತೆ ತೋರುವುದು. ಹಾಗಾಗಿ ಈ ಕೆಲಸದಲ್ಲಿ ಬಣ್ಣ ಬಳಿಯುವುದು, ಅಕ್ಷರ ಕೂರಿಸುವುದು ಎಂಬ ಎರಡು ಬೇರೆ ಬೇರೆ ಭಾಗಗಳಿಲ್ಲ. ಮೊದಲ ದಿನ ಸೋಪು ಹಾಕಿ ತೊಳೆಯುವುದರಿಂದ ಹಿಡಿದು ಎಲ್ಲವೂ ಆ ಪೊರೆಯನ್ನು ಮಾಯ ಮಾಡುವುದಕ್ಕಾಗಿಯೇ ನಡೆಯುವ ತಯಾರಿ.

ಉದಾಹರಣೆಗೆ ಎಚ್‌ಒ ಅಳತೆಯ, ಅಂದರೆ 1:87ರ, ಅಮೆರಿಕದ 40 ಅಡಿ ಉಕ್ಕಿನ ಬಾಕ್ಸ್‌ಕಾರ್ ಒಂದನ್ನು ಇಟ್ಟುಕೊಳ್ಳೋಣ. ಮಾದರಿಯಲ್ಲಿ ಅದರ ಮೈ ಸುಮಾರು 14 ಸೆಂಟಿಮೀಟರ್ ಉದ್ದ. 1:160ರ ಎನ್ ಅಳತೆಗೂ 1:48ರ ಒ ಅಳತೆಗೂ ಕ್ರಮ ಇದೇ. ಎನ್‌ನಲ್ಲಿ ಕಣ್ಣಿಗೆ ಶ್ರಮ ಹೆಚ್ಚು, ಅಷ್ಟೇ.

ಮೊದಲು ವರ್ಷ ಗೊತ್ತುಮಾಡಿ

ಬಣ್ಣದ ಡಬ್ಬಿ ತೆರೆಯುವ ಮುಂಚೆ ನಿಮ್ಮ ವ್ಯಾಗನ್ ಯಾವ ವರ್ಷ ಓಡುತ್ತಿದೆ ಎಂದು ತೀರ್ಮಾನಿಸಿ. ಇದನ್ನು ಬಿಟ್ಟವರೇ ಹೆಚ್ಚು. ಡೆಕಾಲ್ ಹಾಳೆಯಲ್ಲಿ ಒಂದೇ ರೈಲು ಕಂಪನಿಯ ಮೂರು ನಾಲ್ಕು ಕಾಲದ ಲಾಂಛನಗಳು ಒಟ್ಟಿಗೆ ಅಚ್ಚಾಗಿರುತ್ತವೆ. ಚೆನ್ನಾಗಿ ಕಂಡದ್ದನ್ನೆಲ್ಲ ಅಂಟಿಸುತ್ತಾ ಹೋದರೆ ಯಾವ ಕಾಲದಲ್ಲೂ ಓಡದ ವ್ಯಾಗನ್ ಒಂದು ತಯಾರಾಗುತ್ತದೆ.

ಕೆಲವು ಗುರುತುಗಳು ಕಾಲವನ್ನು ಖಚಿತವಾಗಿ ಹೇಳಿಬಿಡುತ್ತವೆ. ಚಾವಣಿಯ ಮೇಲಿನ ನಡೆಹಲಗೆಯನ್ನು ಅಮೆರಿಕದ ಹೊಸ ಬಾಕ್ಸ್‌ಕಾರ್‌ಗಳಿಗೆ ಹಾಕುವುದು 1966ರಲ್ಲಿ ನಿಂತಿತು. ವ್ಯಾಗನ್ನಿನ ಗುರುತನ್ನು ಯಂತ್ರ ಓದಲೆಂದು ಹಾಕಿದ, ಬಣ್ಣದ ಅಡ್ಡಪಟ್ಟಿಗಳಿರುವ ಎಸಿಐ ಫಲಕ 1967ರಿಂದ ಬಂತು. 1977ರಲ್ಲಿ ಆ ವ್ಯವಸ್ಥೆಯನ್ನೇ ಕೈಬಿಟ್ಟರು, ಫಲಕಗಳು ಮಾತ್ರ ಕೊಳೆ ಹಿಡಿದು ಅನೇಕ ವರ್ಷ ಹಾಗೆಯೇ ಉಳಿದವು. ಬದಿಗಳ ಮೇಲೆ ಕಾಣುವ ಹಳದಿ ಅಥವಾ ಬಿಳಿಯ ಪ್ರತಿಫಲಕ ಪಟ್ಟಿಗಳು 2005ರ ನಿಯಮದ ಫಲ. ಉಗಿ ಎಂಜಿನ್ನಿನ ಹಿಂದೆ ಪ್ರತಿಫಲಕ ಪಟ್ಟಿಯ ಬಾಕ್ಸ್‌ಕಾರ್ ಓಡಿಸಿದರೆ ತಿಳಿದವರು ಬಾಯಿ ಬಿಟ್ಟು ಏನೂ ಹೇಳಲಿಕ್ಕಿಲ್ಲ, ಮುಗುಳ್ನಗುತ್ತಾರೆ.

ಆ ವರ್ಷಕ್ಕೆ ಹತ್ತಿರದ, ದಿನಾಂಕವಿರುವ ಒಂದು ಫೋಟೊ ಹುಡುಕಿ. ಬದಿಯದೊಂದು, ತುದಿಯದೊಂದು ಸಿಕ್ಕರೆ ಪುಣ್ಯ. ಡೆಕಾಲ್ ಹಾಳೆಯ ಜೊತೆ ಬರುವ ಚಿತ್ರವನ್ನು ನಂಬಬಹುದು, ಆದರೆ ಫೋಟೊದ ಮುಂದೆ ಅದು ಎರಡನೆಯ ಸಾಕ್ಷಿ.

ಫೋಟೊ ಓದುವುದನ್ನು ಕಲಿಯಬೇಕು. ಬಾಗಿಲಿನ ಎಡಕ್ಕೆ ಮಾಲೀಕರ ಸಂಕೇತಾಕ್ಷರಗಳು, ಕೆಳಗೆ ವ್ಯಾಗನ್ನಿನ ಸಂಖ್ಯೆ. ಜಿಎನ್ ಎಂದರೆ ಗ್ರೇಟ್ ನಾರ್ದರ್ನ್, ಎಟಿಎಸ್‌ಎಫ್ ಎಂದರೆ ಸಾಂಟಾ ಫೆ. ಸಂಕೇತ ಎಕ್ಸ್ ಅಕ್ಷರದಿಂದ ಮುಗಿದರೆ ವ್ಯಾಗನ್ನಿನ ಒಡೆಯ ರೈಲು ಕಂಪನಿಯಲ್ಲ, ಬೇರೆ ಯಾವುದೋ ಸಂಸ್ಥೆ. ತೈಲದ ಟ್ಯಾಂಕ್‌ಕಾರ್‌ಗಳಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೀರಿ. ಸಂಖ್ಯೆಯ ಕೆಳಗೆ ಮೂರು ಸಾಲು: ಹೊರುವ ಸಾಮರ್ಥ್ಯ, ಭಾರದ ಮಿತಿ, ಖಾಲಿ ತೂಕ, ಎಲ್ಲವೂ ಪೌಂಡ್‌ಗಳಲ್ಲಿ. ಬಾಗಿಲಿನ ಬಲಕ್ಕೆ ಲಾಂಛನ ಅಥವಾ ಘೋಷಣೆ, ಅದರ ಆಚೆ ಒಳಅಳತೆ, ಹೊರಅಳತೆ, ಕಟ್ಟಿದ ತಿಂಗಳು ಮತ್ತು ವರ್ಷ.

ಆ ತೂಕದ ಸಾಲುಗಳ ಮೇಲೆ ನನಗೊಂದು ವಿಶೇಷ ಮೋಹ. ಕಳೆದ ಶತಮಾನದ ನಡುಭಾಗದ 50 ಟನ್ನಿನ ವ್ಯಾಗನ್ ಒಂದರ ಮೇಲೆ ಭಾರದ ಮಿತಿ 123600, ಖಾಲಿ ತೂಕ 45400 ಎಂದಿದೆ ಎನ್ನಿ. ಕೂಡಿಸಿದರೆ 169000. ಆ ಕಾಲದಲ್ಲಿ ಆ ವರ್ಗದ ವ್ಯಾಗನ್ ಹಳಿಯ ಮೇಲೆ ಹೇರಬಹುದಾದ ಒಟ್ಟು ತೂಕ ಅದು. ಡೆಕಾಲ್ ಹಾಳೆಯಿಂದ ಅಂಕಿಗಳನ್ನು ಒಂದೊಂದಾಗಿ ಆರಿಸುವಾಗ ಈ ಲೆಕ್ಕ ತಾಳೆಯಾಗುವಂತೆ ನೋಡಿಕೊಳ್ಳಿ. ಯಾರೂ ಕೂಡಿಸಿ ನೋಡುವುದಿಲ್ಲ ನಿಜ. ನಾನು ನೋಡುತ್ತೇನೆ.

ಬಿಚ್ಚುವುದು, ತೊಳೆಯುವುದು

ಗಾಲಿಗಳನ್ನು ಹೊತ್ತ ಚೌಕಟ್ಟನ್ನು ಈ ಹವ್ಯಾಸದಲ್ಲಿ ಟ್ರಕ್ ಎನ್ನುತ್ತಾರೆ, ರಸ್ತೆಯ ಲಾರಿಗೂ ಅದಕ್ಕೂ ಸಂಬಂಧವಿಲ್ಲ. ಟ್ರಕ್‌ಗಳನ್ನೂ, ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲರ್‌ಗಳನ್ನೂ ಮೊದಲೇ ಬಿಚ್ಚಿ ಬೇರೆ ಡಬ್ಬಿಯಲ್ಲಿಡಿ. ಕಪ್ಲರ್‌ನ ಕೀಲಿಗೆ ಬಣ್ಣ ಹೋದರೆ ಅದು ಬಿಗಿದುಕೊಂಡು, ವ್ಯಾಗನ್ ಮೊದಲ ತಿರುವಿನಲ್ಲೇ ಹಳಿ ಬಿಡುತ್ತದೆ.

ಹಿಡಿಕೆಗಳು, ಏಣಿಗಳು ಬೇರೆಯಾಗಿ ಬರುವ ಕಿಟ್ ಆಗಿದ್ದರೆ ಒಂದು ಚಿಕ್ಕ ಉಪಾಯ. ಅಕ್ಷರಗಳು ಬೀಳುವ ಜಾಗದ ಹಿಡಿಕೆಗಳನ್ನು ಈಗ ಕೂರಿಸಬೇಡಿ. ಕಿಟ್‌ನಲ್ಲಿ ಅವು ಜೋಡಿಸಿ ಬಂದ ಚೌಕಟ್ಟಿನಲ್ಲೇ ಅವುಗಳಿಗೆ ಬಣ್ಣ ಹೊಡೆದು, ಡೆಕಾಲ್ ಮುಗಿದ ಮೇಲೆ ಸೇರಿಸಿ. ಕೂದಲಿನಷ್ಟು ತೆಳ್ಳಗಿನ ತಂತಿಯ ಹಿಂದೆ ಒದ್ದೆ ಡೆಕಾಲ್ ನುಗ್ಗಿಸುವ ಸರ್ಕಸ್ ಒಮ್ಮೆ ಮಾಡಿದವರು ಮತ್ತೊಮ್ಮೆ ಮಾಡಲಾರರು.

ಇನ್ನು ಸ್ನಾನ. ಪಾತ್ರೆ ತೊಳೆಯುವ ದ್ರವ ಸೋಪಿನ ಎರಡು ಹನಿ, ಉಗುರುಬೆಚ್ಚಗಿನ ನೀರು, ಹಳೆಯ ಮೆದು ಹಲ್ಲುಜ್ಜುವ ಬ್ರಷ್. ಅಚ್ಚಿನಿಂದ ಸುಲಭವಾಗಿ ಬಿಡಿಸಲು ಬಳಸಿದ ಎಣ್ಣೆಯಂಥ ವಸ್ತು ರೆಸಿನ್ ಮಾದರಿಗಳ ಮೇಲೆ ಚೆನ್ನಾಗಿಯೇ ಮೆತ್ತಿಕೊಂಡಿರುತ್ತದೆ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ನೀರು ಬಿಸಿಯಾಗಿದ್ದರೆ ತೆಳು ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ತೊಳೆದು, ಧೂಳಿಲ್ಲದ ಕಡೆ ಗಾಳಿಗೆ ಒಣಗಲು ಬಿಡಿ. ಬಟ್ಟೆಯಿಂದ ಒರೆಸಬೇಡಿ, ನೂಲಿನ ಎಳೆಗಳು ರಿವೆಟ್‌ಗಳಿಗೆ ಸಿಕ್ಕಿಕೊಳ್ಳುತ್ತವೆ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವುದು ನಿಷಿದ್ಧ. ಬೆರಳಚ್ಚು ಬಣ್ಣದ ಕೆಳಗಿನಿಂದಲೂ ಇಣುಕುತ್ತದೆ.

ಬೇರೆ ಕಂಪನಿಯ ಬಣ್ಣ ಈಗಾಗಲೇ ಇರುವ ವ್ಯಾಗನ್ ಆಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ ಬ್ರಷ್‌ನಿಂದ ಉಜ್ಜಿದರೆ ಕಾರ್ಖಾನೆಯ ಬಣ್ಣ ಅನೇಕ ಸಲ ಬಿಟ್ಟುಬರುತ್ತದೆ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆ ಅದರಿಂದ ತೊಂದರೆಯಿಲ್ಲ. ಬೆಂಕಿ ಹತ್ತಿರ ಬೇಡ, ಕಿಟಕಿ ತೆರೆದಿರಲಿ. ಲ್ಯಾಕರ್ ತಿನ್ನರ್ ಬಳಸಿದರೆ ಬಣ್ಣದ ಜೊತೆ ವ್ಯಾಗನ್ನೂ ಕರಗುತ್ತದೆ.

ಪ್ರೈಮರ್, ಬಣ್ಣ

ವ್ಯಾಗನ್ನಿನ ಟೊಳ್ಳು ಮೈಯೊಳಗೆ ಮರದ ತುಂಡೊಂದನ್ನು ಬಿಗಿಯಾಗಿ ತುರುಕಿ ಹಿಡಿ ಮಾಡಿಕೊಳ್ಳಿ. ತಿರುಗಿಸಿ ತಿರುಗಿಸಿ ಬಣ್ಣ ಹೊಡೆಯಲೂ, ಮುಟ್ಟದೆ ಒಣಗಲು ನಿಲ್ಲಿಸಲೂ ಅದೇ ಆಧಾರ.

ತೆಳುವಾಗಿ ಒಂದು ಕೋಟ್ ಬೂದು ಪ್ರೈಮರ್. ಇದರಿಂದ ಎರಡು ಲಾಭ. ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್, ಹಿತ್ತಾಳೆ, ಪುಟ್ಟಿ ಎಲ್ಲವೂ ಒಂದೇ ಬಣ್ಣಕ್ಕೆ ಬರುತ್ತವೆ. ಜೊತೆಗೆ, ಅದುವರೆಗೆ ಕಾಣದಿದ್ದ ಅಂಟಿನ ಕಲೆ, ಉಜ್ಜಿದ ಗೀರುಗಳೆಲ್ಲ ಎದ್ದು ನಿಲ್ಲುತ್ತವೆ. ಅವನ್ನು ಈಗಲೇ ನಯವಾದ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ಸರಿಮಾಡಿ. ಬಣ್ಣ ಮುಚ್ಚೀತು ಎಂಬ ಆಸೆ ಇಟ್ಟುಕೊಳ್ಳಬೇಡಿ, ಬಣ್ಣ ಏನನ್ನೂ ಮುಚ್ಚುವುದಿಲ್ಲ.

ಯಾವ ಬಣ್ಣ? ಬಾಕ್ಸ್‌ಕಾರ್‌ಗಳ ಕಂದುಗೆಂಪು ಮೂಲತಃ ಕಬ್ಬಿಣದ ಆಕ್ಸೈಡ್, ಅಗ್ಗದ್ದು, ಬಿಸಿಲಿಗೆ ಬಾಳುವಂಥದ್ದು. ಒಂದು ಕಂಪನಿಯದು ಇಟ್ಟಿಗೆಯತ್ತ, ಇನ್ನೊಂದರದು ಚಾಕೊಲೇಟಿನತ್ತ ವಾಲುತ್ತಿತ್ತು. ಡಬ್ಬಿಯ ಮೇಲಿನ ಹೆಸರಿಗಾಗಿ ಜಗಳವಾಡುವವರನ್ನು ಕಂಡಿದ್ದೇನೆ. ಬಣ್ಣ ಬಳಿದು ಐದು ವರ್ಷ ಬಿಸಿಲು ಮಳೆ ಹೊಗೆಯಲ್ಲಿ ಓಡಿದ ವ್ಯಾಗನ್ನಿಗೆ ಡಬ್ಬಿಯ ಬಣ್ಣ ಹೇಗೂ ಉಳಿದಿರುವುದಿಲ್ಲ. ನಾನು ಮೂಲ ಬಣ್ಣಕ್ಕೆ ಹತ್ತನೇ ಒಂದು ಪಾಲು ಬಿಳಿಯನ್ನೋ ತಿಳಿಬೂದನ್ನೋ ಸೇರಿಸುತ್ತೇನೆ. ಪುಟ್ಟ ವಸ್ತುವಿನ ಮೇಲೆ ಕಡುಬಣ್ಣ ಇನ್ನಷ್ಟು ಕಡುವಾಗಿ ಕಾಣುತ್ತದೆ. ಕಪ್ಪು ಟ್ಯಾಂಕ್‌ಕಾರ್‌ಗೂ ಅಪ್ಪಟ ಕಪ್ಪು ಬೇಡ, ಅದರ ಮೇಲೆ ನೆರಳು ಬೀಳುವುದೇ ಇಲ್ಲ. ತೀರಾ ಗಾಢವಾದ ಬೂದು ಬಣ್ಣ ಸಾಕು. ಬೆರೆಸಿದ ಬಣ್ಣವನ್ನು ಪ್ಲಾಸ್ಟಿಕ್ ತುಣುಕಿಗೆ ಹೊಡೆದು, ನಿಮ್ಮ ರೈಲು ಓಡುವ ಕೋಣೆಯ ದೀಪದ ಕೆಳಗೇ ಇಟ್ಟು ನೋಡಿ. ಕೆಲಸದ ಮೇಜಿನ ಬೆಳಕು ಬೇರೆ, ಆ ಬೆಳಕು ಬೇರೆ.

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದ್ದರೆ ಬಣ್ಣವನ್ನು ಹಾಲಿನ ಹದಕ್ಕೆ ತೆಳು ಮಾಡಿ. ಬಟ್ಟಲಿನ ಒಳಗೋಡೆಗೆ ಬ್ರಷ್‌ನಿಂದ ಸವರಿದರೆ ಬಣ್ಣ ಕೆಳಗಿಳಿದು, ಹಿಂದೆ ತೆಳ್ಳನೆಯ ಪಾರದರ್ಶಕ ಪರೆ ಉಳಿಯಬೇಕು. ಅದೇ ಹದ. ಒತ್ತಡ 15ರಿಂದ 20 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್), ದೂರ ಸುಮಾರು 10 ಸೆಂಟಿಮೀಟರ್. ಮೊದಲು ತುದಿಗಳು ಮತ್ತು ಮೂಲೆಗಳು, ಏಣಿಗಳ ಹಿಂಬದಿ, ಬದಿಯ ಪಕ್ಕೆಗಳ ಸಂದು, ಆಮೇಲೆ ಚಾವಣಿ, ಕಟ್ಟಕಡೆಗೆ ಬದಿಗಳ ಅಗಲವಾದ ಬಯಲು. ಬಣ್ಣದ ಧಾರೆ ವ್ಯಾಗನ್ನಿನ ಆಚೆ ಶುರುವಾಗಿ ಆಚೆಯೇ ನಿಲ್ಲಬೇಕು. ಮೈಯ ಮೇಲೆ ಶುರು ಮಾಡಿದರೆ ಮೊದಲ ಹನಿ ಅಲ್ಲೇ ಬೀಳುತ್ತದೆ. ಒಂದೇ ಸಲಕ್ಕೆ ಮುಚ್ಚುವ ಹಟ ಬೇಡ. ಮೊದಲ ಕೋಟ್‌ನಲ್ಲಿ ಪ್ರೈಮರ್ ಕಾಣುತ್ತಿರಲಿ, ಮೂರನೆಯದರಲ್ಲಿ ಮುಚ್ಚಿದರೆ ಸಾಕು.

ಮೇಲ್ಮೈ ಸಣ್ಣ ಮರಳಿನಂತೆ ತರಿತರಿಯಾದರೆ ಬಣ್ಣ ಗಾಳಿಯಲ್ಲೇ ಒಣಗಿ ಬೀಳುತ್ತಿದೆ ಎಂದರ್ಥ. ಹತ್ತಿರ ಹೋಗಿ, ಅಥವಾ ಇನ್ನಷ್ಟು ತೆಳು ಮಾಡಿ. ಪಕ್ಕೆಗಳ ಬುಡದಲ್ಲಿ ಬಣ್ಣ ಮಡುಗಟ್ಟಿದರೆ ಇದರ ತದ್ವಿರುದ್ಧ. ತರಿಯಾದ ಬಣ್ಣದ ಮೇಲೆ ಎಷ್ಟು ಹೊಳಪು ಸುರಿದರೂ ಡೆಕಾಲ್ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಅದನ್ನು ಇಲ್ಲಿಯೇ ಉಜ್ಜಿ ತೆಗೆಯುವುದು ಒಳ್ಳೆಯದು.

ಏರ್‌ಬ್ರಷ್ ಇಲ್ಲದವರು ಸ್ಪ್ರೇ ಡಬ್ಬಿ ಬಳಸಬಹುದು. ಡಬ್ಬಿಯನ್ನು ಮೊದಲು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಹನಿ ಸಣ್ಣದಾಗುತ್ತದೆ. ಒಲೆಯ ಹತ್ತಿರ ಮಾತ್ರ ಒಯ್ಯಬೇಡಿ. ಯಾವುದನ್ನೇ ಬಳಸಿದರೂ ಆವಿಯನ್ನು ತಡೆಯುವ ಫಿಲ್ಟರ್ ಇರುವ ಮುಖವಾಡ ಧರಿಸಿ. ನೀರಿನ ಅಕ್ರಿಲಿಕ್ ಬಣ್ಣದ ಸಣ್ಣ ತುಂತುರೂ ಶ್ವಾಸಕೋಶಕ್ಕೆ ಹೋಗಬೇಕಾದ್ದಲ್ಲ.

ಬದಿ ಒಂದು ಬಣ್ಣ, ಚಾವಣಿ ಮತ್ತು ತುದಿ ಇನ್ನೊಂದು ಬಣ್ಣ ಇರುವ ವ್ಯಾಗನ್‌ಗಳಲ್ಲಿ, ಉದಾಹರಣೆಗೆ ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ಸಿನ ಕಿತ್ತಳೆ ಬಣ್ಣದ ಶೀತಲ ವ್ಯಾಗನ್‌ಗಳಲ್ಲಿ, ತಿಳಿಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಮಾಸ್ಕಿಂಗ್ ಟೇಪಿನ ಸುರುಳಿಯ ಅಂಚು ಧೂಳು ಹಿಡಿದಿರುತ್ತದೆ. ಗಾಜಿನ ಮೇಲೆ ಅಂಟಿಸಿ ಹೊಸ ಅಂಚು ಕತ್ತರಿಸಿಕೊಳ್ಳಿ. ಟೇಪ್ ಹಾಕಿದ ಮೇಲೆ ಅದರ ಅಂಚಿಗೆ ಮೊದಲ ಬಣ್ಣವನ್ನೇ ಮತ್ತೊಮ್ಮೆ ತೆಳ್ಳಗೆ ಹೊಡೆದರೆ ಇರುವ ಸಂದುಗಳನ್ನೆಲ್ಲ ಅದೇ ತುಂಬುತ್ತದೆ, ಎರಡನೆಯ ಬಣ್ಣ ಒಳಗೆ ನುಸುಳುವುದಿಲ್ಲ. ಟೇಪನ್ನು ಮೇಲಕ್ಕೆ ಎಳೆಯದೆ ಅದರ ಮೇಲೆಯೇ ಹಿಂದಕ್ಕೆ ಮಡಚಿದಂತೆ ನಿಧಾನವಾಗಿ ಎಳೆಯಿರಿ.

ಬಣ್ಣ ಒಣಗಿತೇ ಎಂದು ತಿಳಿಯಲು ಎನಾಮೆಲ್ ಬಳಸುವವರ ಬಳಿ ಒಂದು ಉಪಕರಣವಿದೆ: ಮೂಗು. ವಾಸನೆ ಬರುತ್ತಿದ್ದರೆ ಇನ್ನೂ ಒಣಗಿಲ್ಲ. ಮುಟ್ಟಿದರೆ ಅಂಟದಿರುವುದು ಲೆಕ್ಕಕ್ಕಿಲ್ಲ.

ಹೊಳಪಿನ ಲೇಪ

ಇದು ಐದು ನಿಮಿಷದ ಕೆಲಸ, ಬಹಳ ಜನ ಬಿಡುವ ಕೆಲಸವೂ ಇದೇ. ಪಾರದರ್ಶಕವಾದ ಗ್ಲಾಸ್, ಅಂದರೆ ಹೊಳಪಿನ, ಲೇಪವನ್ನು ತೆಳುವಾಗಿ ಎರಡು ಸಲ ಹೊಡೆದು ಒಂದು ಇಡೀ ದಿನ ಬಿಡಿ. ಸಾಕೇ ಎಂದು ನೋಡಲು ವ್ಯಾಗನ್ನಿನ ಬದಿಯಲ್ಲಿ ದೀಪದ ಪ್ರತಿಬಿಂಬ ಹುಡುಕಿ. ದೀಪದ ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿದ್ದರೆ ಸರಿ. ಮಸುಕು ಮಸುಕಾದ ಬೆಳಕಿನ ಮುದ್ದೆಯಂತೆ ಕಂಡರೆ ಇನ್ನೊಂದು ಕೋಟ್ ಬೇಕು. ವ್ಯಾಗನ್ ಈಗ ಆಟಿಕೆಯಂತೆ ಮಿರಮಿರ ಮಿಂಚುತ್ತದೆ, ಗಾಬರಿ ಬೇಡ. ಮೊದಲಿನಿಂದಲೇ ಹೊಳಪಿನ ಬಣ್ಣ ಬಳಸಿದ್ದರೆ ಈ ಹೆಜ್ಜೆ ಬೇಕಿಲ್ಲ.

ಡೆಕಾಲ್

ಡೆಕಾಲ್ ಹಾಳೆಯಲ್ಲಿ ನಾಲ್ಕು ಪದರ: ಕಾಗದ, ಅದರ ಮೇಲೆ ನೀರಿಗೆ ಕರಗುವ ಅಂಟು, ಪಾರದರ್ಶಕ ಪೊರೆ, ಕೊನೆಗೆ ಶಾಯಿ. ಕೆಲವು ಹಾಳೆಗಳಲ್ಲಿ ಪೊರೆ ಅಕ್ಷರಗಳ ಸುತ್ತ ಮಾತ್ರ ಇರುತ್ತದೆ, ಇನ್ನು ಕೆಲವುಗಳಲ್ಲಿ ಇಡೀ ಹಾಳೆಗೆ ಹಬ್ಬಿರುತ್ತದೆ. ಎರಡನೆಯ ಬಗೆಯದಾದರೆ ಅಕ್ಷರದ ಅಂಚಿಗೆ ಎಷ್ಟು ಹತ್ತಿರ ಕತ್ತರಿಸುತ್ತೀರೋ ಅಷ್ಟು ಕಡಿಮೆ ಪೊರೆಯನ್ನು ಮುಂದೆ ಮರೆಮಾಡಬೇಕು.

ಹಳೆಯ ಹಾಳೆಯಾದರೆ ಮೊದಲು ಬೇಡದ ಮೂಲೆಯ ಒಂದು ಅಕ್ಷರವನ್ನು ನೀರಿಗೆ ಹಾಕಿ ನೋಡಿ. ಚೂರುಚೂರಾದರೆ ಇಡೀ ಹಾಳೆಗೆ ಡೆಕಾಲ್ ಫಿಲ್ಮ್ ದ್ರವವನ್ನೋ ಪಾರದರ್ಶಕ ಲೇಪವನ್ನೋ ಬಳಿದು ಒಣಗಿಸಿ, ಆಮೇಲೆ ಅಂಚಿಗೆ ಒತ್ತಿ ಕತ್ತರಿಸಿಕೊಳ್ಳಿ. ಪೊರೆ ಹಳದಿಗಟ್ಟಿದ್ದರೆ ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಡಿ. ಬಿಸಿಲು ಹಳದಿಯನ್ನು ಬಹುಮಟ್ಟಿಗೆ ತಿಂದುಹಾಕುತ್ತದೆ.

ಮೇಜಿನ ಮೇಲೆ ಬೇಕಾದವು: ಹೊಸ ಬ್ಲೇಡ್, ಮೊನಚು ಚಿಮುಟ, ಎರಡು ಮೆದು ಬ್ರಷ್, ಟಿಶ್ಯೂ ಕಾಗದ, ಬಟ್ಟಿ ಇಳಿಸಿದ ನೀರು ಮತ್ತು ಎರಡು ಬಗೆಯ ದ್ರಾವಣ. ಮೈಕ್ರೋಸ್ಕೇಲ್ ಕಂಪನಿಯ ಮೈಕ್ರೋ ಸೆಟ್ ಮೇಲ್ಮೈಯನ್ನು ಸಿದ್ಧಗೊಳಿಸಿ ಅಂಟಿಗೆ ನೆರವಾಗುತ್ತದೆ. ಅದೇ ಕಂಪನಿಯ ಮೈಕ್ರೋ ಸಾಲ್ ಪೊರೆಯನ್ನೇ ಮೆತ್ತಗೆ ಮಾಡಿ ರಿವೆಟ್‌ಗಳ ಮೇಲೆ ಚರ್ಮದಂತೆ ಅಂಟಿಸುತ್ತದೆ. ವಾಲ್ಥರ್ಸ್‌ನ ಸಾಲ್ವಾಸೆಟ್ ಇನ್ನೂ ಖಾರ, ದಪ್ಪ ಪೊರೆಯ ಹಳೆಯ ಡೆಕಾಲ್‌ಗಳಿಗೆ ಅದೇ ಬೇಕು. ಗಡಸು ನೀರು ಒಣಗಿದರೆ ಸುಣ್ಣದ ಕಲೆ ಉಳಿಯುತ್ತದೆ, ಅದಕ್ಕೇ ಬಟ್ಟಿ ಇಳಿಸಿದ ನೀರು.

ಎಡಬದಿಯ ಸಂಕೇತಾಕ್ಷರಗಳಿಂದ ಶುರು ಮಾಡಿ. ಉಳಿದ ಸಾಲುಗಳೆಲ್ಲ ಅದರ ಎಡ ಅಂಚನ್ನೇ ಹಿಡಿದು ನಿಲ್ಲುತ್ತವೆ. ನಿಜವಾದ ವ್ಯಾಗನ್ನಿನ ಮೇಲೆ 9 ಅಂಗುಲ ಎತ್ತರದ ಅಕ್ಷರ ಎಚ್‌ಒದಲ್ಲಿ ಸುಮಾರು 2.6 ಮಿಲಿಮೀಟರ್. ಕೆಳಗಿನ 2 ಅಂಗುಲದ ಬರಹ ಅರ್ಧ ಮಿಲಿಮೀಟರಿಗಿಂತ ತುಸುವೇ ಹೆಚ್ಚು. ಇಂಥದ್ದನ್ನು ಕಣ್ಣಂದಾಜಿನಲ್ಲಿ ನೆಟ್ಟಗೆ ಇಡಲು ಆಗದು. ಅಕ್ಷರಗಳ ಬುಡ ಬರುವ ಮಟ್ಟಕ್ಕೆ ತೆಳು ಮಾಸ್ಕಿಂಗ್ ಟೇಪಿನ ಪಟ್ಟಿಯೊಂದನ್ನು ಹಗುರವಾಗಿ ಅಂಟಿಸಿ, ಅದನ್ನೇ ಅಂಚುಕಟ್ಟೆ ಮಾಡಿಕೊಳ್ಳಿ. ಫೋಟೊದಲ್ಲಿ ರಿವೆಟ್ ಎಣಿಸಿದರೆ ಮಟ್ಟ ಸಿಗುತ್ತದೆ: ಸಂಖ್ಯೆಯ ಬುಡ ಎಷ್ಟನೆಯ ರಿವೆಟ್‌ಗೆ ಬರುತ್ತದೆ, ಮೊದಲ ಅಕ್ಷರ ಯಾವ ಸಾಲಿನ ರಿವೆಟ್‌ಗಳ ಪಕ್ಕಕ್ಕಿದೆ ಎಂದು.

ಕತ್ತರಿಸಿದ ತುಣುಕನ್ನು ಚಿಮುಟದಿಂದ ಹಿಡಿದು ಹತ್ತು ಸೆಕೆಂಡ್ ನೀರಿನಲ್ಲಿ ಅದ್ದಿ ತೆಗೆಯಿರಿ. ಒದ್ದೆ ಟಿಶ್ಯೂ ಮೇಲೆ ಒಂದು ನಿಮಿಷ ಇಡಿ. ನೀರಿನಲ್ಲೇ ತೇಲಲು ಬಿಟ್ಟರೆ ಅಂಟು ಪೂರ್ತಿ ತೊಳೆದುಹೋಗುತ್ತದೆ, ಡೆಕಾಲ್ ಸುರುಳಿ ಸುತ್ತಿಕೊಳ್ಳುತ್ತದೆ. ಈ ನಡುವೆ ವ್ಯಾಗನ್ನಿನ ಮೇಲೆ ಆ ಜಾಗಕ್ಕೆ ಮೈಕ್ರೋ ಸೆಟ್ ಹಚ್ಚಿ. ಬ್ರಷ್ ತುದಿಯಿಂದ ತಳ್ಳಿದಾಗ ಡೆಕಾಲ್ ಕಾಗದದ ಮೇಲೆ ಜಾರಿದರೆ ಅದು ಸಿದ್ಧ. ಕಾಗದವನ್ನು ವ್ಯಾಗನ್ನಿಗೆ ತಾಗಿಸಿ ಹಿಡಿದು, ಡೆಕಾಲನ್ನು ಬ್ರಷ್‌ನಿಂದಲೇ ಜಾರಿಸಿ. ಚಿಮುಟದಿಂದ ಪೊರೆಯನ್ನು ಎತ್ತಲು ಹೋದರೆ ಅದು ಮಡಚಿ ತನಗೆ ತಾನೇ ಅಂಟಿಕೊಳ್ಳುತ್ತದೆ. ಬಿಡಿಸಲು ಪ್ರಯತ್ನಿಸಿ ಅರ್ಧ ಗಂಟೆ ಕಳೆಯುವ ಬದಲು ಬೇರೆ ತುಣುಕು ಕತ್ತರಿಸುವುದು ಲೇಸು.

ಈಗ ಡೆಕಾಲ್ ತೆಳು ದ್ರವದ ಮೇಲೆ ತೇಲುತ್ತಿದೆ. ಟೇಪಿನ ಅಂಚುಕಟ್ಟೆಯ ವರೆಗೆ ಬ್ರಷ್ ತುದಿಯಿಂದ ಒಯ್ಯಿರಿ. ವ್ಯಾಗನ್ನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ನೇರ ಎದುರಿನಿಂದ ನೋಡಿ. ಸರಿಯಿದ್ದರೆ ಟಿಶ್ಯೂವಿನ ಒಂದು ಮೂಲೆಯನ್ನು ಡೆಕಾಲಿನ ಅಂಚಿಗೆ ತಾಗಿಸಿ, ದ್ರವವನ್ನು ಅದೇ ಹೀರಿಕೊಳ್ಳಲಿ. ಒತ್ತಬೇಡಿ. ಹತ್ತು ನಿಮಿಷ ಬಿಟ್ಟು ಟೇಪ್ ತೆಗೆದು, ಮೈಕ್ರೋ ಸಾಲ್ ತುಂಬಿದ ಬ್ರಷ್‌ನಿಂದ ಡೆಕಾಲಿನ ಅಂಚನ್ನು ಮುಟ್ಟಿದರೆ ಅದು ತಾನಾಗಿ ಪೊರೆಯ ಕೆಳಗೆ ಹರಿಯುತ್ತದೆ.

ಮುಂದಿನ ಎರಡು ನಿಮಿಷ ಎದೆ ಹೊಡೆದುಕೊಳ್ಳುವ ಹೊತ್ತು. ಡೆಕಾಲ್ ಮುದುಡುತ್ತದೆ, ಸುಕ್ಕುಗಟ್ಟುತ್ತದೆ, ಎಲ್ಲ ಹಾಳಾಯಿತು ಎನಿಸುತ್ತದೆ. ಕೈ ತಾನಾಗಿ ಬ್ರಷ್‌ನತ್ತ ಹೋಗುತ್ತದೆ. ಕೋಣೆಯಿಂದ ಎದ್ದು ಹೋಗಿ. ಆ ಗಳಿಗೆಯಲ್ಲಿ ಪೊರೆ ಒದ್ದೆ ಅವಲಕ್ಕಿಯಷ್ಟು ಮೆತ್ತಗಿರುತ್ತದೆ, ಮುಟ್ಟಿದರೆ ಹರಿಯುತ್ತದೆ. ಬಿಟ್ಟರೆ ಒಣಗುತ್ತಾ ಬಿಗಿದುಕೊಂಡು, ಸುಕ್ಕುಗಳೆಲ್ಲ ಮಾಯವಾಗಿ, ರಿವೆಟ್‌ಗಳು ಅಕ್ಷರದ ಒಳಗಿನಿಂದ ಮೂಡಿಬರುತ್ತವೆ. ಬಣ್ಣದಿಂದಲೇ ಬರೆದಂತೆ ಕಾಣುವುದು ಆಗ.

ಪೂರ್ತಿ ಒಣಗಿದ ಮೇಲೆ ದೀಪವನ್ನು ಓರೆಯಾಗಿ ಹಿಡಿದು ಪರೀಕ್ಷಿಸಿ. ಬೆಳ್ಳಿ ಚುಕ್ಕೆ ಕಂಡಲ್ಲಿ ಸೂಜಿಯ ಮೊನೆಯಿಂದ ಚುಚ್ಚಿ ಮತ್ತೆ ಮೈಕ್ರೋ ಸಾಲ್ ಹನಿಸಿ. ವ್ಯಾಗನ್ನಿನ ಉಕ್ಕಿನ ಹಾಳೆಗಳು ಕೂಡುವ ಸಂದಿನ ಮೇಲೋ ಪಕ್ಕೆಯ ಮೇಲೋ ಪೊರೆ ಸೇತುವೆಯಂತೆ ನಿಂತಿದ್ದರೆ ಹೊಸ ಬ್ಲೇಡಿನಿಂದ ಆ ಗೆರೆಗುಂಟ ಸೀಳಿ ಮತ್ತೆ ದ್ರಾವಣ ಹಾಕಿ. ಎರಡು ಮೂರು ಸಲ ಮಾಡಬೇಕಾಗಬಹುದು.

ಸಂಖ್ಯೆಯ ವಿಷಯದಲ್ಲಿ ಒಂದು ಮಾತು. ಅಂಕಿಗಳನ್ನು ಒಂದೊಂದಾಗಿ ಜೋಡಿಸುವಾಗ ನಡುವಿನ ಅಂತರ ಸ್ಕೇಲಿನಲ್ಲಿ ಸಮನಾಗಿದ್ದರೆ ಕಣ್ಣಿಗೆ ಸಮನಾಗಿ ಕಾಣುವುದಿಲ್ಲ. 1ರ ಎರಡೂ ಕಡೆ ತುಸು ಹತ್ತಿರಕ್ಕೆ ತನ್ನಿ. ಆಮೇಲೆ ಆಚೆ ಬದಿಗೂ ಎರಡೂ ತುದಿಗಳಿಗೂ ಅದೇ ಸಂಖ್ಯೆ ಬರಬೇಕು. ಒಂದು ಬದಿಗೆ 3725, ಇನ್ನೊಂದಕ್ಕೆ 3752 ಅಂಟಿಸಿ, ತಿಂಗಳಾದ ಮೇಲೆ ಕಂಡುಕೊಂಡವನು ಬರೆಯುತ್ತಿದ್ದೇನೆ. ಈಗ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮುಂದೆ ಅಂಟಿಸಿಕೊಳ್ಳುತ್ತೇನೆ.

ಡೆಕಾಲ್ ಸೊಟ್ಟಗೆ ಒಣಗಿಬಿಟ್ಟರೆ ಅದರ ಮೇಲೆ ನೀರಿನಲ್ಲಿ ನೆನೆಸಿದ ಟಿಶ್ಯೂ ತುಂಡನ್ನು ಹದಿನೈದು ನಿಮಿಷ ಇಡಿ. ಮೈಕ್ರೋ ಸಾಲ್ ಇನ್ನೂ ಹಾಕಿಲ್ಲದಿದ್ದರೆ ಅದು ಸಡಿಲವಾಗುವ ಸಾಧ್ಯತೆಯಿದೆ. ಹಾಕಿದ್ದರೆ ಆಸೆ ಬಿಡಿ, ಟೇಪ್ ಒತ್ತಿ ಕಿತ್ತು ಹೊಸದನ್ನು ಅಂಟಿಸಿ.

ಮ್ಯಾಟ್ ಲೇಪ, ಮರುತೂಕದ ತೇಪೆ

ಒಂದು ದಿನ ಕಳೆದ ಮೇಲೆ ಒದ್ದೆ ಹತ್ತಿಯಿಂದ ಉಳಿದ ಅಂಟನ್ನೂ ದ್ರಾವಣದ ಕಲೆಗಳನ್ನೂ ಹಗುರವಾಗಿ ಒರೆಸಿ, ಮ್ಯಾಟ್ ಲೇಪ ಹೊಡೆಯಿರಿ. ಹೊಳಪು, ಡೆಕಾಲಿನ ಅಂಚು, ಪೊರೆ ಎಲ್ಲ ಒಂದೇ ಮೇಲ್ಮೈಯಾಗುವುದು ಈ ಕ್ಷಣದಲ್ಲಿ. ಮಳೆಗಾಲದ ತೇವದ ದಿನ ಈ ಕೆಲಸ ಬೇಡ. ತೇವ ಸೇರಿ ಲೇಪ ಬೆಳ್ಳಗೆ ಮಂಜುಗಟ್ಟುತ್ತದೆ. ಹಾಗಾದರೆ ಒಣಹವೆಯ ದಿನ ಮತ್ತೊಂದು ಕೋಟ್ ಗ್ಲಾಸ್ ಹೊಡೆದರೆ ಮಂಜು ಬಹಳ ಸಲ ಕರಗುತ್ತದೆ. ಆಮೇಲೆ ಪುನಃ ಮ್ಯಾಟ್.

ವ್ಯಾಗನ್ ಹೊಸದಾಗಿ ಕಾರ್ಖಾನೆಯಿಂದ ಬಂದದ್ದು ಎಂದಾದರೆ ಇಲ್ಲಿಗೆ ನಿಲ್ಲಿಸಬಹುದು. ಆದರೆ 1948ರಲ್ಲಿ ಕಟ್ಟಿದ ವ್ಯಾಗನ್ ನಿಮ್ಮ 1956ರ ಹಳಿಯ ಮೇಲಿದ್ದರೆ ಒಂದು ಕೆಲಸ ಬಾಕಿ. ವ್ಯಾಗನ್‌ಗಳನ್ನು ಕೆಲವು ವರ್ಷಗಳಿಗೊಮ್ಮೆ ಮತ್ತೆ ತೂಗುತ್ತಿದ್ದರು. ಹಳೆಯ ತೂಕದ ಮೇಲೆ ಬಣ್ಣ ಬಳಿದು, ಹೊಸ ತೂಕ, ತೂಗಿದ ಸ್ಥಳದ ಸಂಕೇತ ಮತ್ತು ದಿನಾಂಕವನ್ನು ಕೊರೆಯಚ್ಚಿನಿಂದ ಬರೆಯುತ್ತಿದ್ದರು. ಆ ತೇಪೆ ಸುತ್ತಲಿನ ಮಾಸಿದ ಬಣ್ಣಕ್ಕಿಂತ ತಾಜಾ ಆಗಿ ಎದ್ದು ಕಾಣುತ್ತಿತ್ತು. ಖಾಲಿ ಡೆಕಾಲ್ ಪೊರೆಗೆ ವ್ಯಾಗನ್ನಿನದೇ ಬಣ್ಣವನ್ನು ತುಸು ಗಾಢವಾಗಿ ಬಳಿದು, ಪುಟ್ಟ ಆಯತಗಳಾಗಿ ಕತ್ತರಿಸಿ, ಭಾರದ ಮಿತಿ ಮತ್ತು ಖಾಲಿ ತೂಕದ ಸಾಲುಗಳ ಮೇಲೆ ಕೂರಿಸಿ. ಅದರ ಮೇಲೆ ಹೊಸ ಅಂಕಿಗಳು, ಹೊಸ ದಿನಾಂಕ. ತೇಪೆಯ ಜಾಗಕ್ಕೆ ಮೊದಲು ಒಂದು ಹನಿ ಗ್ಲಾಸ್ ಹಚ್ಚಿ. ಮ್ಯಾಟ್ ಮೇಲೆ ಡೆಕಾಲ್ ಹಾಕಿದರೆ ಏನಾಗುತ್ತದೆಂದು ಈಗ ನಿಮಗೆ ಗೊತ್ತು. ಹೊಸ ಅಂಕಿಗಳೂ ಕೂಡಿದಾಗ 169000 ಆಗಬೇಕು.

ಹಳತು ಮಾಡುವುದು ಬೇರೆಯೇ ವಿದ್ಯೆ, ಇಲ್ಲಿ ಒಂದೆರಡು ಮಾತಷ್ಟೇ. ಮ್ಯಾಟ್ ಮೇಲ್ಮೈಯ ಮೇಲೆ ಒಣ ಪೇಸ್ಟಲ್ ಪುಡಿ ಚೆನ್ನಾಗಿ ಹಿಡಿಯುತ್ತದೆ. ಚಾವಣಿಗೆ ಮಸಿಯ ಬೂದು, ಬದಿಯ ಕೆಳ ಅಂಚಿಗೆ ಮಣ್ಣಿನ ಬಣ್ಣ. ಮರುತೂಕದ ತೇಪೆಯ ಮೇಲೆ ಬೇಡ. ಪುಡಿಯ ಮೇಲೆ ಮತ್ತೆ ಲೇಪ ಹೊಡೆದರೆ ಅದರ ಅರ್ಧ ಮಾಯವಾಗುತ್ತದೆ, ಆದ್ದರಿಂದ ಮೊದಲೇ ಸ್ವಲ್ಪ ಹೆಚ್ಚು ಹಾಕಿಕೊಳ್ಳಿ.

ಟ್ರಕ್‌ಗಳಿಗೆ ಕೊಳಕು ಕಂದು, ಚಕ್ರಗಳ ಮುಖಕ್ಕೆ ತುಕ್ಕಿನ ಬಣ್ಣ. ಅನೇಕ ಟ್ರಕ್‌ಗಳನ್ನು ಮಾಡುವ ಜಾರು ಪ್ಲಾಸ್ಟಿಕ್ ಬಣ್ಣ ಹಿಡಿಯುವುದೇ ಕಷ್ಟ, ತೆಳುವಾಗಿ ಹೊಡೆದು ಮುಟ್ಟದೆ ಬಿಡಿ. ಹಳಿಗೆ ತಾಗುವ ಚಕ್ರದ ಅಂಚಿಗೂ ಗಾಲಿಯ ಅಚ್ಚಿನ ತುದಿ ಕೂರುವ ಕುಳಿಗೂ ಬಣ್ಣ ಹೋಗದಿರಲಿ. ಕಪ್ಲರ್ ಕೀಲಿಗೆ ಒಂದು ಚಿಟಿಕೆ ಗ್ರಾಫೈಟ್ ಪುಡಿ ಹಾಕಿ, ಎಲ್ಲವನ್ನೂ ಮೊದಲಿನಂತೆ ಸೇರಿಸಿ. ವ್ಯಾಗನ್ನನ್ನು ಬೆರಳ ತುದಿಯಿಂದ ತಳ್ಳಿ ನೋಡಿ. ಸದ್ದಿಲ್ಲದೆ ಉರುಳಿ, ಮುಂದಿನ ವ್ಯಾಗನ್ನಿಗೆ ಕೊಂಡಿ ಹಾಕಿಕೊಂಡರೆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ, ಅದೇ ಸಂಖ್ಯೆಯ ಇನ್ನೊಂದು ವ್ಯಾಗನ್ ಮಾಡಿಬಿಡದಂತೆ.